ಅಳಿವೆ ದಾಟಿದ ಮೇಲಿನ ಲೆಕ್ಕ

ಸಂಚಿತಾ ಎಂಬ ಹೆಸರು ಅಮ್ಮಣ್ಣಿಯ ಕಿವಿಗೆ ಮೊದಲ ಸಲ ಬಿದ್ದದ್ದು ಬೈಗುಳದ ಜೊತೆಗೆ. ಎರಡು ವರ್ಷದ ಹಿಂದಿನ ಫೆಬ್ರುವರಿ. ಮಧ್ಯಾಹ್ನದ ಫೆರಿ ಆಗಷ್ಟೇ ದಡಕ್ಕೆ ತಾಗಿತ್ತು. ಬೆಂಗ್ರೆಯ ಐಸ್ ಪ್ಲಾಂಟಿನ ಜಗಲಿಯಲ್ಲಿ ಅಮ್ಮಣ್ಣಿ ಒಣಗಿದ ಗೋಣಿಗಳನ್ನು ಮಡಚಿ ಒಂದರ ಮೇಲೊಂದು ಇಡುತ್ತಿದ್ದಳು. ಹೊಳೆಯಾಚೆ ಪೇಟೆಯ ಕೊಡಿಯಾಲ್‌ಬೈಲಿನ ಆಫೀಸಿನಲ್ಲಿ ತಿಂಗಳ ಮೀಟಿಂಗ್ ಮುಗಿಸಿ ಬಂದ ಕಮಲೇಶ ಚಪ್ಪಲಿಯ ಮರಳನ್ನೂ ಕೊಡಹದೆ ಬೆಂಚಿನ ಮೇಲೆ ಕುಳಿತ. ಅವನು ಅವಳ ತಂಗಿಯ ಮಗ, ಪ್ಲಾಂಟಿನ ಸೂಪರ್‌ವೈಸರ್.

“ದೊಡ್ಡಮ್ಮ, ಇನ್ನು ಗೋಣಿ ಮಡಚಿ ಇಟ್ಟು ಎಂತ ಪ್ರಯೋಜನ ಇಲ್ಲ. ಆಫೀಸಿಗೆ ಸಂಚಿತಾ ಅಂತ ಒಬ್ಬಳು ಬಂದಿದ್ದಾಳೆ. ನಮ್ಮ ಪ್ಲಾಂಟಿಗೆ ಬೀಗ ಹಾಕಿಸಿಯೇ ಬಿಡುವವಳು.”

“ಯಾರವಳು? ಧಣಿಗಳ ಸಂಬಂಧವಾ?”

“ಸಂಬಂಧ ಎಂತದ್ದೂ ಇಲ್ಲ. ಕಂಪ್ಯೂಟರಿನವಳು. ಗೋಡೆ ಮೇಲೆ ದೊಡ್ಡ ಟಿವಿ ಹಾಕಿಸಿದ್ದಾಳೆ. ಧಣಿಗಳದ್ದು ಐದು ಪ್ಲಾಂಟ್ ಉಂಟಲ್ಲ, ಐದಕ್ಕೂ ಒಂದೊಂದು ಸಾಲು. ನಿನ್ನೆ ಎಷ್ಟು ಬ್ಲಾಕ್ ಐಸ್ ಹೋಯಿತು, ಎಷ್ಟು ಕರೆಂಟ್ ಉರಿಯಿತು, ಎಲ್ಲ ತನ್ನಷ್ಟಕ್ಕೇ ಬಂದು ಅದರಲ್ಲಿ ಕೂತ್ಕೊಳ್ತದೆ. ನಾಲ್ಕು ಸಾಲು ಹಸಿರು, ನಮ್ಮದೊಂದು ಕೆಂಪು. ಸೋಮವಾರ ಬೆಂಗ್ರೆಯಿಂದ ಹೋದದ್ದು ನಲ್ವತ್ತೆರಡು ಬ್ಲಾಕ್ ಅಂತೆ.”

ಅಮ್ಮಣ್ಣಿಯ ಕೈ ನಿಂತಿತು. “ಸೋಮವಾರ ಹೋದದ್ದು ಮುನ್ನೂರ ಹತ್ತು.”

“ನಾನೂ ಅದನ್ನೇ ಹೇಳಿದೆ. ಶೆಟ್ರು ನಕ್ಕರು. ಕರೆಂಟ್ ಮುನ್ನೂರು ಬ್ಲಾಕಿನದ್ದು ಉರಿದಿದೆ, ಐಸ್ ನಲ್ವತ್ತೆರಡು, ಉಳಿದದ್ದು ಯಾರ ಮನೆಗೆ ಹೋಯಿತು ಕಮಲೇಶಾ ಅಂತ ಎಲ್ಲರ ಎದುರು ಕೇಳಿದ್ರು.”

ಧಣಿ ಸರ್ವೋತ್ತಮ ಶೆಟ್ಟರು ಗಡುವನ್ನೂ ಕೊಟ್ಟಿದ್ದರು. ಮಾರ್ಚ್ ಮೂವತ್ತೊಂದರ ತನಕ ನೋಡುವುದು. ಅಷ್ಟರೊಳಗೆ ಬೆಂಗ್ರೆಯ ಸಾಲು ಸರಿಯಾಗದಿದ್ದರೆ, ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವಾಗ ಮುಚ್ಚುವ ಬಾಗಿಲನ್ನು ಆಗಸ್ಟಿನಲ್ಲಿ ಮತ್ತೆ ತೆರೆಯುವುದಿಲ್ಲ. ಹತ್ತೊಂಬತ್ತು ಮಂದಿಯ ಕೆಲಸ ಅಲ್ಲಿತ್ತು. ಅಮ್ಮಣ್ಣಿಯ ಗಂಡ ಪ್ರೇಮನಾಥ ಮೂವತ್ತೊಂದು ವರ್ಷ ಆ ಯಂತ್ರವನ್ನು ನಡೆಸಿದವನು. ಅವನು ಕಾಯಿಲೆಯಿಂದ ತೀರಿಕೊಂಡ ಮೇಲೆ ಅದೇ ಜಗಲಿಯಲ್ಲಿ ಗುಡಿಸಿ, ಚಾ ಕಾಯಿಸಿ ಅವಳು ಹನ್ನೊಂದು ವರ್ಷ ಬದುಕಿದ್ದಳು. ಕೆಲಸ ಹೋಗುವುದು ಒಂದು. ಕದ್ದರು ಎಂಬ ಮಾತು ಉಳಿಯುವುದು ಇನ್ನೊಂದು.

ನಾಲ್ಕನೆಯ ದಿನ ಆ ಹೆಸರು ಫೆರಿಯಿಂದ ಇಳಿಯಿತು.

ಮೂವತ್ತೆರಡರ ಆಸುಪಾಸಿನ ಹೆಣ್ಣು, ಹೆಗಲಲ್ಲಿ ಕಪ್ಪು ಬ್ಯಾಗು, ಕೈಯಲ್ಲಿ ಚಪ್ಪಲಿ. ಮುಖ ಸುಣ್ಣದ ಹಾಗೆ ಬಿಳಿ. ದಡಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ಕಂಬ ಹಿಡಿದುಕೊಂಡೇ ನಿಂತಿದ್ದಳು. ಹತ್ತು ನಿಮಿಷದ ಹೊಳೆ ದಾಟುವುದಕ್ಕೆ ಇಷ್ಟು ಹೆದರುವವಳು ನಮ್ಮ ಬಾಗಿಲು ಹಾಕಿಸಲು ಹೊರಟಿದ್ದಾಳಲ್ಲ ಎಂದು ಅಮ್ಮಣ್ಣಿಗೆ ನಗು ಬಂತು. ಎಲ್ಲರಿಗೂ ಚಾ ಕೊಟ್ಟಳು, ಅವಳಿಗೆ ಕೊಡಲಿಲ್ಲ.

ಹುಡುಗಿ ಅದನ್ನು ಕಂಡೂ ಕಾಣದವಳಂತೆ ಬೆಂಚಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು.

“ಬೀಗ ತಂದಿದ್ದೀಯಾ ಮಗಾ, ಅಲ್ಲ ನಾವೇ ತರಿಸ್ಬೇಕಾ?” ಎಂದು ಅಮ್ಮಣ್ಣಿ ಕೇಳಿದಳು.

“ಬೀಗ ಹಾಕ್ಲಿಕ್ಕೆ ಬಂದದ್ದಲ್ಲ ಅಕ್ಕ. ಕರೆಂಟ್ ಮುನ್ನೂರರದ್ದು, ಐಸ್ ನಲ್ವತ್ತೆರಡರದ್ದು. ಒಂದೋ ನಿಮ್ಮಲ್ಲಿ ಐಸ್ ಕರಗಿ ಹೋಗ್ತಾ ಉಂಟು, ಇಲ್ಲದಿದ್ರೆ ಯಾರೋ ಕದೀತಿದ್ದಾರೆ, ಇಲ್ಲದಿದ್ರೆ ನನ್ನ ಮೆಷಿನ್ ಸುಳ್ಳು ಹೇಳ್ತದೆ. ಮೂರರಲ್ಲಿ ಯಾವುದು ಅಂತ ನನಗೆ ಗೊತ್ತಾಗ್ಬೇಕು. ಆಫೀಸಿನಲ್ಲಿ ಕೂತ್ರೆ ಗೊತ್ತಾಗುದಿಲ್ಲ.”

“ನಿನ್ನ ಮೆಷಿನ್ ಸುಳ್ಳು ಹೇಳಿದ್ರೆ?”

“ಹೇಳಿದ್ರೆ ಅದನ್ನು ಸರಿ ಮಾಡುದು ನನ್ನ ಕೆಲಸ. ಶೆಟ್ರ ಎದುರು ಹೋಗಿ ತಪ್ಪು ನನ್ನದು ಅಂತ ಹೇಳುದು ಸಹ.”

ಆ ಉತ್ತರಕ್ಕೆ ಅಮ್ಮಣ್ಣಿ ಒಂದು ಲೋಟ ಚಾ ಕೊಟ್ಟಳು. ಸಕ್ಕರೆ ಮಾತ್ರ ಕಡಿಮೆ ಹಾಕಿದಳು.

ಅಂದು ಸಂಜೆ ‘ಜಲದೀಪ’ ಎಂಬ ಬೋಟಿಗೆ ಐಸ್ ತುಂಬುತ್ತಿದ್ದರು. ಪುಡಿಯಾದ ಐಸ್ ಕೊಳವೆಯಲ್ಲಿ ಸದ್ದು ಮಾಡುತ್ತ ಬೋಟಿನ ಹೊಟ್ಟೆಗೆ ಇಳಿಯುತ್ತಿತ್ತು. ಅಮ್ಮಣ್ಣಿ ಬಾಗಿಲ ಬಳಿ ಕುಳಿತು, ಒಂದು ಬ್ಲಾಕ್ ಪುಡಿಮಾಡುವ ಯಂತ್ರದ ಒಳಗೆ ಹೋದ ಹಾಗೆ ಒಂದು ಮರುವಾಯಿ ಚಿಪ್ಪನ್ನು ತೆಂಗಿನ ಗೆರಟೆಗೆ ಹಾಕುತ್ತಿದ್ದಳು. ಒಂದು ಬೋಟಿಗೆ ಒಂದು ಗೆರಟೆ, ತುಂಬಿದರೆ ಪಕ್ಕದಲ್ಲಿ ಇನ್ನೊಂದು.

“ಎಷ್ಟಾಯ್ತು ಅಕ್ಕ?” ಸಂಚಿತಾ ಕೇಳಿದಳು.

ಅಮ್ಮಣ್ಣಿ ಇನ್ನೊಂದು ಚಿಪ್ಪನ್ನು ಗೆರಟೆಗೆ ಹಾಕಿದಳು. ಪಕ್ಕದಲ್ಲಿದ್ದ ಕಮಲೇಶನನ್ನು ಕೇಳಿದರೆ ಅವನು ಆಕಾಶ ನೋಡಿದ.

“ನಾಳೆ ಬಾ, ಹೇಳ್ತೇನೆ,” ಎಂದಳು ಅಮ್ಮಣ್ಣಿ ಕೊನೆಗೆ. “ಬೋಟು ಅಳಿವೆ ದಾಟುವ ಮೊದಲು ಐಸಿನ ಲೆಕ್ಕ ಹೇಳ್ಲಿಕ್ಕಿಲ್ಲ. ಬಾಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಇಷ್ಟು ಮೀನು ಬೇಕು ಅಂತ ಕಡಲಿಗೆ ಮೊದಲೇ ಹೇಳಿದ ಹಾಗೆ ಆಗ್ತದೆ.”

ಹೊಳೆ ಕಡಲನ್ನು ಸೇರುವ ಆ ಬಾಯಿಯನ್ನು ದಾಟಿ ಬೋಟು ಹೊರಗೆ ಹೋದ ಮೇಲೆಯೇ ಗೆರಟೆಯ ಚಿಪ್ಪನ್ನು ನೆಲಕ್ಕೆ ಸುರಿದು ಎಣಿಸುವುದು. ಪ್ರೇಮನಾಥನ ಕಾಲದಿಂದ ಹಾಗೆಯೇ. ಈಗ ಕಮಲೇಶನ ಕೈಗೆ ಆಫೀಸಿನವರು ಟ್ಯಾಬ್ ಕೊಟ್ಟಿದ್ದರೂ, ಅದರಲ್ಲಿ ಬರೆಯುವುದು ಬೋಟು ದಾಟಿದ ಮೇಲೆ. ಮೀನು ಮಾರುವ ಹೆಂಗಸರ ಪೆಟ್ಟಿಗೆಗಳಿಗೆ ಹೋಗುವ ನಲ್ವತ್ತು ಐವತ್ತು ಬ್ಲಾಕಿಗೆ ಈ ಕಟ್ಟಳೆ ಇರಲಿಲ್ಲ. ಅದನ್ನು ಆಗಿಂದಾಗಲೇ ಬರೆಯುತ್ತಿದ್ದರು. ಹೊಳೆಯಾಚೆಯ ಉಳಿದ ಪ್ಲಾಂಟುಗಳಲ್ಲಿ ಐಸ್ ಹೋಗುತ್ತಿದ್ದದ್ದು ಲಾರಿಗೆ. ಲಾರಿಗೆ ಯಾವ ಅಳಿವೆ.

ಸಂಚಿತಾ ವಾದ ಮಾಡಲಿಲ್ಲ. “ನಾಳೆ ಬರ್ತೇನೆ,” ಎಂದು ಕಣ್ಣು ಮುಚ್ಚಿಕೊಂಡು ಫೆರಿ ಹತ್ತಿದಳು. ಮರುದಿನ ಬಂದಳು. ಅದರ ಮರುದಿನವೂ ಬಂದಳು. ದಿನವೂ ಅದೇ ಬಿಳಿಚಿದ ಮುಖ, ಅದೇ ಕಂಬ. ಫೆರಿಯ ಇರ್ವಿನ್ ಅವಳಿಗಾಗಿ ಕಂಬದ ಪಕ್ಕದ ಜಾಗ ಬಿಟ್ಟಿಡಲು ತೊಡಗಿದ. “ಮೇಡಮ್ ಕಣ್ಣು ಬಿಟ್ರೆ ಟಿಕೆಟ್ ಫ್ರೀ,” ಎಂದು ತಮಾಷೆ ಮಾಡುತ್ತಿದ್ದ. ಅವಳು ಒಮ್ಮೆಯೂ ಫ್ರೀಯಾಗಿ ಹೋಗಲಿಲ್ಲ.

ಅಮ್ಮಣ್ಣಿ ಕಲಿತದ್ದು ಮೂರನೆಯ ಕ್ಲಾಸು. ಅಂಕೆ ಓದುತ್ತಾಳೆ, ಅಕ್ಷರಕ್ಕೆ ಸ್ವಲ್ಪ ಹೊತ್ತು ಬೇಕು. ಆದರೆ ಎಣಿಸಿದ ಚಿಪ್ಪು ಅವಳ ತಲೆಯಿಂದ ಹೋಗುವುದಿಲ್ಲ. ಆ ಸೋಮವಾರದ್ದು ಹೇಳಿ ಎಂದರೆ, “ಜಲದೀಪ ನೂರ ಹತ್ತು, ಕಡಲಸಿರಿ ತೊಂಬತ್ತಾರು, ಸ್ಟೆಲ್ಲಾ ಅರುವತ್ತೆರಡು, ಪೆಟ್ಟಿಗೆಗೆ ನಲ್ವತ್ತೆರಡು,” ಎಂದು ಗೋಣಿ ಮಡಚುತ್ತಲೇ ಹೇಳಿದಳು. ಸಂಚಿತಾ ಕೂಡಿಸಿ ನೋಡಿ, ಟ್ಯಾಬಿನಲ್ಲಿ ನೋಡಿದಳು. ಟ್ಯಾಬಿನಲ್ಲೂ ಮುನ್ನೂರ ಹತ್ತೇ ಇತ್ತು. ಆಫೀಸಿನ ಗೋಡೆಗೆ ಹೋಗಿ ತಲುಪಿದ್ದು ಪೆಟ್ಟಿಗೆಯ ನಲ್ವತ್ತೆರಡು ಮಾತ್ರ.

“ಕದ್ದದ್ದು ಇಲ್ಲ, ಕರಗಿದ್ದು ಇಲ್ಲ,” ಎಂದಳು ಅವಳು ಮೆಲ್ಲಗೆ. “ಹಾಗಾದ್ರೆ ಮೂರನೆಯದ್ದೇ.”

ಆದರೂ ಒಂದು ಕಗ್ಗಂಟು ಇತ್ತು. ಕೆಲವು ದಿನ ಗೋಡೆಯ ಲೆಕ್ಕ ಪೂರ್ತಿ ಸರಿ ಬರುತ್ತಿತ್ತು. ಶೆಟ್ಟರು ಹಿಡಿದುಕೊಂಡದ್ದೂ ಅದನ್ನೇ: ಮನಸ್ಸಾದ ದಿನ ಸರಿ ತೋರಿಸುತ್ತಾರೆ, ಉಳಿದ ದಿನ ಕೈ ಹಾಕುತ್ತಾರೆ. ಮಾರ್ಚ್ ಒಂದರಂದು ಜಗಲಿಯಲ್ಲಿ ಕುಳಿತು ಸಂಚಿತಾ ಸರಿ ಬಂದ ದಿನಗಳನ್ನು ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದಳು. “ಫೆಬ್ರುವರಿ ಹನ್ನೆರಡು, ಹದಿಮೂರು, ಹದಿನಾಲ್ಕು. ಮತ್ತೆ ಇಲ್ಲ. ಇಪ್ಪತ್ತಾರು, ಇಪ್ಪತ್ತೇಳು.”

ಅಮ್ಮಣ್ಣಿ ಬೆರಳು ಮಡಚಿದಳು. “ಎಲ್ಲ ಅಷ್ಟಮಿಯ ಹತ್ತಿರದ ದಿನ.”

“ಅಷ್ಟಮಿಗೂ ಐಸಿಗೂ ಎಂತ ಅಕ್ಕ?”

“ಐಸಿಗಲ್ಲ ಮಾರಾಯ್ತಿ, ನೀರಿಗೆ. ಅಷ್ಟಮಿಯ ಹೊತ್ತಿಗೆ ಸಂಜೆ ಆರರ ಹಾಗೆ ನೀರು ಏರ್ತದೆ. ಮಧ್ಯಾಹ್ನ ಐಸ್ ತುಂಬಿದ ಬೋಟು ಅದೇ ಸಂಜೆ ದಾಟ್ತದೆ, ಕಮಲೇಶ ಅದೇ ದಿನ ಬರೀತಾನೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಏರುದು ಬೆಳಿಗ್ಗೆ ಹನ್ನೊಂದಕ್ಕೆ. ಕತ್ತಲಲ್ಲಿ ದಾಟ್ಲಿಕ್ಕಿಲ್ಲ. ಬೋಟು ಕಾದು ಮರುದಿನ ಹೋಗ್ತದೆ, ಲೆಕ್ಕವೂ ಮರುದಿನ.”

ಸಂಚಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಹೊಳೆಯನ್ನು ನೋಡಿದಳು. ಅಷ್ಟು ದಿನದಲ್ಲಿ ಅವಳು ಕಣ್ಣು ತೆರೆದು ಆ ನೀರನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಆಮೇಲೆ ಅವಳು ಹೇಳಿದ್ದನ್ನು ಅಮ್ಮಣ್ಣಿ ಮರೆತಿಲ್ಲ. “ನಾನು ಮಾಡಿಟ್ಟದ್ದು ನಿಮ್ಮ ಫೆರಿಯ ಹಾಗೆ ಅಕ್ಕ. ಐದು ಪ್ಲಾಂಟಿನ ಲೆಕ್ಕವನ್ನು ಹತ್ತಿಸಿಕೊಂಡು ಆಫೀಸಿಗೆ ಒಯ್ಯುವ ಫೆರಿ. ರಾತ್ರಿ ಹನ್ನೆರಡಕ್ಕೆ ತನ್ನಷ್ಟಕ್ಕೆ ಹೊರಡ್ತದೆ. ಆ ದಿನದ ತಾರೀಕಿನ ಚೀಟಿ ಇದ್ದವರನ್ನು ಮಾತ್ರ ಹತ್ತಿಸ್ತದೆ. ಕಮಲೇಶಣ್ಣ ಸೋಮವಾರದ ಐಸನ್ನು ಮಂಗಳವಾರ ಬರೀತಾರೆ, ತಾರೀಕು ಮಾತ್ರ ಪ್ರಾಮಾಣಿಕವಾಗಿ ಸೋಮವಾರದ್ದೇ ಹಾಕ್ತಾರೆ. ಸೋಮವಾರದ ಫೆರಿ ಹೋಗಿ ಆಗಿದೆ. ಮಂಗಳವಾರದ ಫೆರಿ ಸೋಮವಾರದ ಚೀಟಿಯನ್ನು ಕಣ್ಣೆತ್ತಿ ಸಹ ನೋಡುದಿಲ್ಲ. ನಿಮ್ಮ ಲೆಕ್ಕ ಎಲ್ಲ ದಡದಲ್ಲೇ ನಿಂತಿದೆ.”

“ಹಾಗಾದ್ರೆ ಇರ್ವಿನಿಗಿಂತಲೂ ಕಡೆ ಆಯ್ತು. ಇರ್ವಿನ್ ಕೂಗಿದ್ರೆ ನಿಲ್ಲಿಸ್ತಾನೆ.”

“ಅದಕ್ಕೆ ಕೂಗು ಕೇಳುದಿಲ್ಲ. ನಾನು ಹೇಗೆ ಹೇಳಿಟ್ಟಿದ್ದೇನೋ ಹಾಗೆ.”

ಅಂದೇ ಅವಳು ಶೆಟ್ಟರಿಗೆ ಫೋನ್ ಮಾಡಿ, ತಪ್ಪು ನನ್ನದು ಎಂದಳು. ಸ್ಪೀಕರಿನಲ್ಲಿ ಶೆಟ್ಟರ ಮಾತು ಜಗಲಿಯವರಿಗೆಲ್ಲ ಕೇಳಿಸಿತು. “ತಪ್ಪು ನಿನ್ನದಲ್ಲಮ್ಮ. ತುಂಬಿದ ಕೂಡಲೇ ಬರೀಲಿಕ್ಕೆ ಹೇಳು, ಮುಗೀತು. ಚಿಪ್ಪಿನ ಆಟ ಎಲ್ಲ ಬೇಡ. ತಡ ಮಾಡಿ ಬರೆಯುದು ಅಂದ್ರೆ ನಡುವೆ ಕೈ ಹಾಕ್ಲಿಕ್ಕೆ ಸಮಯ ಬೇಕು ಅಂತ.”

ಕಮಲೇಶ ತಲೆ ತಗ್ಗಿಸಿ, ಬರೆಯುತ್ತೇನೆ ಎನ್ನುವವನಿದ್ದ. ಅಷ್ಟರಲ್ಲಿ ಸಂಚಿತಾ ಹೇಳಿದಳು: “ಬೇಡ ಸರ್. ಇವರು ಬರೆದದ್ದರಲ್ಲಿ ಒಂದು ಸಹ ಸುಳ್ಳಿಲ್ಲ. ಬದಲಾಗ್ಬೇಕಾದ್ದು ನನ್ನ ಟೈಮಿಂಗು. ಈ ತಿಂಗಳ ಕೊನೆ ತನಕ ಸಮಯ ಉಂಟಲ್ಲ.”

ಬುದ್ಧಿವಂತೆಯೇ. ಆದರೆ ಮೊದಲ ಸಲ ಎಡವಿದಳು. ಕಮಲೇಶನನ್ನು ಮಾತ್ರ ಕೇಳಿ ತನ್ನ ಲೆಕ್ಕದ ಫೆರಿಯ ಹೊತ್ತನ್ನು ಬೆಳಿಗ್ಗೆ ಒಂಬತ್ತಕ್ಕೆ ಇಟ್ಟು, ಹಿಂದಿನ ದಿನದ ಚೀಟಿಯನ್ನು ಹತ್ತಿಸುವ ಹಾಗೆ ಮಾಡಿದಳು. ಮೂರು ದಿನ ಗೋಡೆ ಸರಿ ತೋರಿಸಿತು. ಅವಳು ಪೇಟೆಯಿಂದ ಗೋಳಿಬಜೆ ತಂದು ಎಲ್ಲರಿಗೂ ಹಂಚಿದಳು.

“ಹುಣ್ಣಿಮೆ ಬರ್ಲಿ, ಆಮೇಲೆ ತಿನ್ನುವ,” ಎಂದು ಅಮ್ಮಣ್ಣಿ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿಟ್ಟಳು.

ಏಳನೇ ತಾರೀಕು ಹುಣ್ಣಿಮೆ. ಬೋಟುಗಳು ದಾಟುವಾಗ ಹನ್ನೊಂದೂಕಾಲು. ಒಂಬತ್ತರ ಫೆರಿ ಖಾಲಿ ಹೋಯಿತು. ಸಾಲು ಮತ್ತೆ ಕೆಂಪು.

ಎರಡನೆಯ ಸಲ ಅವಳು ದಿನಕ್ಕೆ ಮೂರು ಫೆರಿ ಬಿಟ್ಟಳು. ಪ್ರತಿಯೊಂದೂ ಮೂರು ದಿನದ ಹಿಂದಿನ ತನಕ ಹೋಗಿ ನಿಂತವರನ್ನೆಲ್ಲ ಹತ್ತಿಸಿಕೊಂಡು ಬರಬೇಕು. ಹತ್ತಿಸಿತು. ಹತ್ತಿದವರನ್ನೇ ಮತ್ತೆ ಮತ್ತೆ ಹತ್ತಿಸಿತು. ನಾನೂರು ಬ್ಲಾಕಿಗಿಂತ ಹೆಚ್ಚು ಆಗದ ಪ್ಲಾಂಟಿನಿಂದ ಒಂದೇ ದಿನ ಒಂಬೈನೂರ ಮೂವತ್ತು ಬ್ಲಾಕ್ ಹೋಯಿತೆಂದು ಗೋಡೆ ಹೇಳಿತು. ಬೆಂಗ್ರೆಯವರು ಅರಬ್ಬೀ ಸಮುದ್ರಕ್ಕೇ ಐಸ್ ಹಾಕಿದರೋ ಎಂದು ಶೆಟ್ಟರು ಕೇಳಿದರಂತೆ. ಸಂಚಿತಾ ಅದನ್ನು ಹೇಳುವಾಗ ನಗಲಿಲ್ಲ. ಚಾ ತಣ್ಣಗಾಗುವ ತನಕ ಲೋಟ ಹಿಡಿದುಕೊಂಡೇ ಇದ್ದಳು.

“ಸಾಕು ಮಗಾ, ಬಿಡು,” ಎಂದಳು ಅಮ್ಮಣ್ಣಿ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ಬಿಡುದು ಹೇಗೆ ಅಕ್ಕ. ಕೆಂಪು ಮಾಡಿದವಳು ನಾನು.”

ಆ ವಾರವೇ ಅಮ್ಮಣ್ಣಿ ಕಣ್ಣು ತೋರಿಸಲು ಕಂಕನಾಡಿಗೆ ಹೋದಳು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಸಂಚಿತಾಳ ಮನೆ, ಎರಡು ಕೋಣೆಯದ್ದು. ಹಾಗೇ ಅಲ್ಲಿಗೂ ಹೋದಳು. ತಾಯಿ ಕುಶಲಾ ನೆಲದಲ್ಲಿ ಕುಳಿತು ಮಾರ್ಕೆಟ್ಟಿನ ಅಂಗಡಿಗೆ ಮಲ್ಲಿಗೆ ಕಟ್ಟುತ್ತಿದ್ದರು. ಗದ್ದೆ, ಗುತ್ತಿನ ದೊಡ್ಡ ಮನೆತನ ಎಲ್ಲ ಅಜ್ಜನ ಕಾಲದ್ದು. ಪಾಲಾಗಿ ಪಾಲಾಗಿ ಕೊನೆಗೆ ಅವರ ಕೈಗೆ ಬಂದದ್ದು ಬಾಳೆನಾರು ಎಂದು ಅವರೇ ನಕ್ಕು ಹೇಳಿದರು.

“ಇವಳು ಸಣ್ಣದಿರುವಾಗ ನನ್ನ ಜೊತೆ ಕಟ್ಲಿಕ್ಕೆ ಕೂತ್ಕೊಳ್ತಿದ್ದಳು. ಒಂದು ಚೆಂಡಿಗೆ ಎಂಟುನೂರು ಹೂ. ಒಂದು ದಿನ ಕಟ್ಟಿ ಮುಗಿಸಿ, ‘ಅಮ್ಮಾ, ಇದರಲ್ಲಿ ಏಳುನೂರ ತೊಂಬತ್ತೆಂಟೇ ಇರುದು’ ಅಂದಳು. ಯಾರು ಎಣಿಸ್ತಾರೆ ಬಿಡು ಅಂದೆ. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಳು. ಶಾಲೆಗೆ ಹೋಗಲೇ ಇಲ್ಲ ಆ ದಿನ.”

“ಎರಡು ಹೂವನ್ನು ಕೊನೆಗೆ ಸೇರಿಸಿದ್ರೆ ಆಗ್ತಿರ್ಲಿಲ್ವಾ?”

“ಎಲ್ಲಿ ತಪ್ಪಿತು ಅಂತ ಗೊತ್ತಾಗ್ಬೇಕಂತೆ ಅವಳಿಗೆ.”

ಬಿಕಾಂ ಮಾಡಿದ್ದು ಸಂಜೆ ಕಾಲೇಜಿನಲ್ಲಿ, ಹಗಲು ಒಂದು ಅಂಗಡಿಯಲ್ಲಿ ಬಿಲ್ ಬರೆಯುತ್ತ. ಈ ಸಾಫ್ಟ್‌ವೇರನ್ನು ಯಾರೂ ಕಲಿಸಿದ್ದಲ್ಲ, ತಾನಾಗಿ ಕಲಿತದ್ದು. ಹೊಳೆಯ ಹೆದರಿಕೆ ಏಳನೇ ವಯಸ್ಸಿನದ್ದು, ಮಾವನ ಮನೆಯ ಹತ್ತಿರ ಪಾತಿದೋಣಿ ಮಗುಚಿ ನೀರು ಕುಡಿದಿದ್ದಳಂತೆ. ಇದನ್ನು ಕುಶಲಾ ಹೇಳುವಾಗ ಅಮ್ಮಣ್ಣಿಗೆ ಮೊದಲ ದಿನದ ಸಕ್ಕರೆ ಕಡಿಮೆಯ ಚಾ ನೆನಪಾಯಿತು.

ಮೂರನೆಯ ಸಲ ಸಂಚಿತಾ ಎಲ್ಲವನ್ನೂ ಬಿಚ್ಚಿದಳು. ಐಸ್ ತುಂಬಿದ ತಾರೀಕನ್ನು ನೋಡಿ ಹತ್ತಿಸುವುದನ್ನೇ ಬಿಟ್ಟಳು. ಕಮಲೇಶ ಟ್ಯಾಬಿನಲ್ಲಿ ಬರೆದ ಗಳಿಗೆಯನ್ನು ನೋಡಿ, ಹೋದ ಫೆರಿಯ ನಂತರ ಯಾರು ದಡಕ್ಕೆ ಬಂದಿದ್ದಾರೋ ಅವರನ್ನು ಹತ್ತಿಸುವ ಹಾಗೆ ಹೇಳಿದಳು. ಒಂದೊಂದು ಸಾಲಿಗೂ ಬೋಟಿನ ಹೆಸರು, ತಾರೀಕು ಸೇರಿಸಿ ಒಂದು ಗುರುತು ಕೊಟ್ಟಳು. ಆ ಗುರುತು ಆಚೆ ದಡದಲ್ಲಿ ಆಗಲೇ ಇಳಿದಿದ್ದರೆ ಮತ್ತೆ ಇಳಿಸುವ ಹಾಗಿಲ್ಲ. ಗೋಡೆಗೆ ಬಂದ ಲೆಕ್ಕ ಹೋಗಿ ಕೂರುವುದು ಮಾತ್ರ ಐಸ್ ತುಂಬಿದ ದಿನದ ಲೆಕ್ಕದಲ್ಲೇ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಏಳೂವರೆ, ದಿನಕ್ಕೆ ಮೂರು ಸಲ. ಆ ಹೊತ್ತುಗಳನ್ನು ಹೇಳಿದ್ದು ಅಮ್ಮಣ್ಣಿ. ಹುಣ್ಣಿಮೆ, ಅಷ್ಟಮಿ, ನಡುವಿನ ದಿನ ಎಲ್ಲವನ್ನೂ ಬೆರಳಲ್ಲಿ ಎಣಿಸಿ ಹೇಳಿದ್ದಳು.

“ಬೋಟು ದಾಟುವ ತನಕ ಗೋಡೆಯಲ್ಲಿ ಎಂತ ಕಾಣ್ತದೆ?” ಎಂದು ಅಮ್ಮಣ್ಣಿ ಕೇಳಿದಳು. “ಮತ್ತೆ ಕೆಂಪಾ?”

“ಇಲ್ಲ. ಬೂದು ಬಣ್ಣ. ಅಂಕೆ ಇಲ್ಲ. ‘ಇನ್ನೂ ಬಂದಿಲ್ಲ’ ಅಂತ ಮಾತ್ರ.”

ಅಮ್ಮಣ್ಣಿಗೆ ಅದು ಎಲ್ಲಕ್ಕಿಂತ ಹಿಡಿಸಿತು.

ಪರೀಕ್ಷೆಗೆ ದಿನಾ ಮಧ್ಯಾಹ್ನ ಎರಡಕ್ಕೆ ಅಮ್ಮಣ್ಣಿ ಫೋನ್ ಮಾಡಬೇಕು. ಅವಳು ಗೆರಟೆಯ ಲೆಕ್ಕ ಹೇಳಬೇಕು, ಸಂಚಿತಾ ಗೋಡೆಯ ಲೆಕ್ಕ ಹೇಳಬೇಕು. ಹತ್ತು ದಿನ ಒಂದು ಬ್ಲಾಕೂ ತಪ್ಪಲಿಲ್ಲ. ನಡುವೆ ಅಮಾವಾಸ್ಯೆಯೂ ಬಂದು ಹೋಯಿತು.

ಆ ಹತ್ತು ದಿನದ ಲೆಕ್ಕ ಬರೆದ ಕಾಗದ ಶೆಟ್ಟರಿಗೆ ಸಾಲಲಿಲ್ಲ. ಮಾರ್ಚ್ ಇಪ್ಪತ್ತೊಂಬತ್ತರಂದು ತಾವೇ ಫೆರಿ ಹತ್ತಿ ಬಂದರು. ಜಗಲಿಯಲ್ಲಿ ನಿಂತು ಮೊಬೈಲಿನಲ್ಲಿ ಗೋಡೆಯ ಲೆಕ್ಕವನ್ನೇ ತೆಗೆದುಕೊಂಡು, “ಎಂತ ಅಮ್ಮಣ್ಣಿ, ಹೋದ ಬುಧವಾರದ್ದು ನೆನಪುಂಟಾ?” ಎಂದರು.

“ಬುಧವಾರ ಕಡಲಸಿರಿ ಇಲ್ಲ ಧಣಿ, ಬಲೆ ಹರಿದು ನಿಂತಿತ್ತು. ಜಲದೀಪ ನೂರ ಐದು, ಸ್ಟೆಲ್ಲಾ ಎಪ್ಪತ್ತು, ಪೆಟ್ಟಿಗೆ ಮೂವತ್ತೆಂಟು.”

ಶೆಟ್ಟರು ಪರದೆ ನೋಡಿದರು. “ಶುಕ್ರವಾರ?”

ಹೇಳಿದಳು. ಇನ್ನೂ ನಾಲ್ಕು ದಿನದ್ದು ಕೇಳಿದರು, ನಾಲ್ಕೂ ಹೇಳಿದಳು. ಶೆಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಇವತ್ತಿನದ್ದು?”

“ಇವತ್ತಿನದ್ದು ಹೇಳ್ಲಿಕ್ಕಿಲ್ಲ. ಬೋಟು ದಾಟಿಲ್ಲ.”

“ಇದರಲ್ಲಿ ಸಹ ಬೂದೇ ಕಾಣ್ತದೆ,” ಎಂದು ಶೆಟ್ಟರು ಮೊಬೈಲನ್ನು ಜೇಬಿಗೆ ಹಾಕಿದರು. ಆಮೇಲೆ ಕಮಲೇಶನ ಕಡೆ ತಿರುಗಿ, “ಆ ದಿನ ಮೀಟಿಂಗಲ್ಲಿ ನಾನು ಆಡಿದ ಮಾತು ಸರಿಯಲ್ಲ ಮಾರಾಯ. ಮುಂದಿನ ಮೀಟಿಂಗಲ್ಲಿ ಎಲ್ಲರ ಎದುರು ಹೇಳ್ತೇನೆ. ಮಳೆಗಾಲಕ್ಕೆ ಮೆಷಿನಿಗೆ ಎಣ್ಣೆ ಹಾಕಿಡು, ಆಗಸ್ಟಿಗೆ ತೆರೆಯುವ,” ಎಂದರು.

ಕಮಲೇಶ ಒಳಗೆ ಹೋಗಿ ಐಸಿನ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅಲ್ಲೇ ಇದ್ದ. ಯಾರೂ ಕರೆಯಲಿಲ್ಲ.

ಆಗಸ್ಟಿನಲ್ಲಿ ಬಾಗಿಲು ತೆರೆಯಿತು. ಮೊದಲ ಬೋಟು ದಾಟಿದ ದಿನ ಸಂಚಿತಾ ಬಂದಿದ್ದಳು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಫೆರಿ ಎತ್ತಿ ಎತ್ತಿ ಹಾಕುತ್ತಿತ್ತು. ಅವಳು ಕಂಬವನ್ನು ಒಂದೇ ಕೈಯಲ್ಲಿ ಹಿಡಿದಿದ್ದಳು. ಟಿಕೆಟ್ ಫ್ರೀ ಎಂದು ಇರ್ವಿನ್ ಹಣ ತೆಗೆದುಕೊಳ್ಳಲಿಲ್ಲವಂತೆ.

ಶೆಟ್ಟರ ಹೊಸ ಪ್ಲಾಂಟು ಮಲ್ಪೆಯಲ್ಲಿ ಏಳುತ್ತಿತ್ತು. ಅಲ್ಲಿಯದ್ದನ್ನೂ ಗೋಡೆಗೆ ಸೇರಿಸುವ ಕೆಲಸ ಅವಳ ಮೇಲೆ ಬಿದ್ದಿತ್ತು. ಮರುದಿನವೇ ಹೊರಡುವವಳಿದ್ದಳು. ಅಮ್ಮಣ್ಣಿ ಚಾ ಕೊಟ್ಟಳು, ಸಕ್ಕರೆ ಹೆಚ್ಚು ಹಾಕಿ. ಹೊರಡುವಾಗ ಫೆರಿಯ ಕಟ್ಟೆಯ ತನಕ ಜೊತೆಗೆ ನಡೆದಳು.

“ನಾಳೆ ಎರಡು ಗಂಟೆಗೆ ಫೋನ್ ಮಾಡಿದ್ರೆ ಮಲ್ಪೆಯಲ್ಲಿ ಸಿಗ್ತೀಯಾ?”

“ಸಿಗ್ತೇನೆ. ಆದ್ರೆ ಇನ್ನು ಮಾಡ್ಬೇಡಿ ಅಕ್ಕ.”

ಅಮ್ಮಣ್ಣಿ ಮುಖವನ್ನು ಹೊಳೆಯ ಕಡೆ ತಿರುಗಿಸಿದಳು. “ಆಯ್ತಲ್ಲ, ನಿನಗೂ ನೂರು ಕೆಲಸ,” ಎಂದಳು.

“ಅದಕ್ಕಲ್ಲ. ದಿನಾ ನೀವು ಹೇಳಿ ನಾನು ನೋಡಿದ್ರೆ, ಅದು ತನ್ನಷ್ಟಕ್ಕೆ ನಡೀತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಡೆಯುದು ಅಂದ್ರೆ ನಾವಿಬ್ರೂ ಇಲ್ಲದಿದ್ರೂ ನಡೀಬೇಕು.” ಅವಳು ಹಲಗೆಯ ಮೇಲೆ ಒಂದು ಕಾಲಿಟ್ಟು ತಿರುಗಿದಳು. “ಆದ್ರೆ ನೀವು ಗೆರಟೆ ಬಿಡ್ಬೇಡಿ. ಚಿಪ್ಪು ಹಾಕ್ತಾ ಇರಿ. ಕಮಲೇಶಣ್ಣನ ಟ್ಯಾಬಲ್ಲಿ ಈಗ ಗೋಡೆಯದ್ದೂ ಕಾಣ್ತದೆ, ದಿನಕ್ಕೊಮ್ಮೆ ನೋಡಿ. ಎರಡೂ ಸರಿ ಇದ್ದ ದಿನ ನನ್ನನ್ನು ಮರೆತುಬಿಡಿ. ಒಂದೇ ಒಂದು ಬ್ಲಾಕ್ ತಪ್ಪಿದ್ರೂ, ಅದೇ ದಿನ ನನಗೊಂದು ಮಿಸ್ ಕಾಲ್ ಕೊಡಿ.”